ತಂತಿಬೇಲಿಯೊಳಗಿನ ನೆರೆಹೊರೆ

ಸೊಲ್ಲಾಪುರದ ಯಾವುದೇ ರಿಕ್ಷಾದವರಿಗೆ ‘ಸೆಟ್ಲಮೆಂಟ್’ ಎಂದರೆ ಸಾಕು, ಮರುಮಾತಿಲ್ಲದೆ ಗಾಡಿ ತಿರುಗಿಸುತ್ತಾರೆ. ‘ಸೆಟ್ಲಮೆಂಟ್ ಫ್ರೀ ಕಾಲೋನಿ’ ಎಂಬ ಹೆಸರು ಇಂದಿಗೂ ನಮ್ಮ ಊರಿನ ವಿಳಾಸಗಳಲ್ಲಿ ಬಳಕೆಯಲ್ಲಿದೆ. ಹುಬ್ಬಳ್ಳಿಗೆ ಹೋದರೆ ಅಲ್ಲಿಯೂ ಒಂದು ಸೆಟ್ಲಮೆಂಟ್ ಉಂಟು, ಗದಗ-ಬೆಟಗೇರಿಯಲ್ಲಿಯೂ ಉಂಟು. ದಿನಬಳಕೆಯಲ್ಲಿ ಸವೆದುಹೋದ ಇಂಥ ಹೆಸರುಗಳ ಅರ್ಥವನ್ನು ನಾವು ಕೇಳುವುದಿಲ್ಲ. ಅಲ್ಲಿ ನೆಲೆಸಿದವರು ಯಾರು, ಅವರನ್ನು ನೆಲೆಗೊಳಿಸಿದವರು ಯಾರು, ಯಾವ ಅಧಿಕಾರದಿಂದ? ಅದಿರಲಿ, ಒಂದು ಬಡಾವಣೆಯನ್ನು ‘ಫ್ರೀ’ ಎಂದು, ಅಂದರೆ ಮುಕ್ತವೆಂದು, ಬಾಯಿಬಿಟ್ಟು ಕರೆಯಬೇಕಾಗಿ ಬಂದಿದ್ದರೆ, ಅದರ ಮಗ್ಗುಲಲ್ಲಿ ಮುಕ್ತವಲ್ಲದ ಮತ್ತೊಂದು ಇದ್ದಿರಲೇಬೇಕಲ್ಲವೇ?

ಇತ್ತು. ಅದರ ಸುತ್ತ ತಂತಿಬೇಲಿಯಿತ್ತು. ಅದರೊಳಗೆ ಹುಟ್ಟಿನಿಂದಲೇ ಅಪರಾಧಿಗಳೆಂದು ಸರಕಾರ ಬರೆದಿಟ್ಟ ಕುಟುಂಬಗಳು ಬದುಕುತ್ತಿದ್ದವು.

ನಮ್ಮ ಊರು ಮರೆವಿನ ಊರಲ್ಲ. 1930ರ ಮೇ ತಿಂಗಳಲ್ಲಿ ಸೊಲ್ಲಾಪುರದ ಜನ ಬ್ರಿಟಿಷರ ವಿರುದ್ಧ ಎದ್ದುನಿಂತರು. ಪೊಲೀಸರ ಗುಂಡಿಗೆ ಜನ ಬಲಿಯಾದರು. ನಗರದ ಮೇಲೆ ಸೈನಿಕ ಶಾಸನ ಹೇರಲಾಯಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನಾಲ್ವರು ಹುತಾತ್ಮರ ಪ್ರತಿಮೆಗಳ ಮುಂದೆ ನಾವು ಇಂದಿಗೂ ತಲೆಬಾಗುತ್ತೇವೆ. ಮಕ್ಕಳಿಗೆ ಆ ಕಥೆಯನ್ನು ಹೇಳುತ್ತೇವೆ. ಕಾಯಿದೆಯ ಹೆಸರಿನಲ್ಲಿಯೇ ಅನ್ಯಾಯ ನಡೆಯಬಲ್ಲದು, ಪೊಲೀಸರ ದಫ್ತರದಲ್ಲಿ ಬರೆದುದೆಲ್ಲ ಸತ್ಯವಲ್ಲ ಎಂಬುದನ್ನು ಈ ಊರು ರಕ್ತ ಕೊಟ್ಟು ಕಲಿತಿದೆ. ಆದರೆ ಅದೇ ವರ್ಷಗಳಲ್ಲಿ, ಅದೇ ಊರಿನಲ್ಲಿ, ಬೇಲಿಯೊಳಗೆ ದಿನವೂ ಹಾಜರಿ ಕೊಡುತ್ತಿದ್ದ ಜನರ ಕಥೆಯನ್ನು ನಾವು ಮಕ್ಕಳಿಗೆ ಹೇಳಿಲ್ಲ.

ಈ ಮೌನ ನಮ್ಮನ್ನು ಚುಚ್ಚಿದ್ದು ಈಚೆಗೆ. 2020ರ ಮೇ 25ರಂದು ಅಮೆರಿಕದ ಮಿನ್ನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದ ವ್ಯಕ್ತಿ ಪೊಲೀಸ್ ಅಧಿಕಾರಿಯ ಮೊಣಕಾಲಿನಡಿ ಪ್ರಾಣಬಿಟ್ಟಾಗ, ವರ್ಣಭೇದ ಮತ್ತು ಪೊಲೀಸ್ ವ್ಯವಸ್ಥೆಯ ಕುರಿತ ಚರ್ಚೆ ಲೋಕದ ತುಂಬ ಹಬ್ಬಿತು. ನಮ್ಮ ಮನೆಗಳ ಜಗುಲಿಗೂ ಅದು ಬಂತು. ಪರದೇಶದಲ್ಲಿರುವ ಮಕ್ಕಳು ಫೋನಿನಲ್ಲಿ ಅದನ್ನೇ ಮಾತನಾಡಿದರು, ನಾವು ಮರುಗಿದೆವು. ಮೈಬಣ್ಣ ನೋಡಿ ಮನುಷ್ಯನನ್ನು ಕಳ್ಳನೆನ್ನುವ ಕಣ್ಣು ಎಂಥದು ಎಂದು ಕೇಳಿದೆವು. ಕೇಳಿದ್ದು ಸರಿಯೇ. ಆದರೆ ಹುಟ್ಟಿದ ಕುಲ ನೋಡಿ ಮನುಷ್ಯನನ್ನು ಕಳ್ಳನೆಂದ ಕಾಯಿದೆಯೊಂದು ಎಂಬತ್ತು ವರ್ಷ ನಮ್ಮ ನೆಲದಲ್ಲಿಯೇ ನಡೆದಿತ್ತೆಂಬುದು ಆ ಹೊತ್ತಿನಲ್ಲಿ ಎಷ್ಟು ಜನರ ನೆನಪಿಗೆ ಬಂತು? ಈ ಲೇಖನ ಆ ನೆನಪಿನ ಒಂದು ಪ್ರಯತ್ನ.

ಆ ಕಾಯಿದೆಯ ಹೆಸರು ‘ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್’, ಅಪರಾಧಿ ಬುಡಕಟ್ಟುಗಳ ಕಾಯಿದೆ. 1871ರಲ್ಲಿ ಇದು ಮೊದಲು ಉತ್ತರ ಭಾರತದ ಪ್ರಾಂತಗಳಲ್ಲಿ ಜಾರಿಗೆ ಬಂತು. ಇದರ ಹಿಂದಿದ್ದ ತರ್ಕ ಸರಳವಾಗಿತ್ತು, ಅಷ್ಟೇ ಭಯಂಕರವಾಗಿತ್ತು. ಹಿಂದೂಸ್ಥಾನದಲ್ಲಿ ಬಡಿಗನ ಮಗ ಬಡಿಗನಾಗುತ್ತಾನೆ, ನೇಕಾರನ ಮಗ ನೇಕಾರನಾಗುತ್ತಾನೆ. ಆದ್ದರಿಂದ ಅಪರಾಧವನ್ನೂ ಕುಲವೃತ್ತಿಯಾಗಿ ಪಡೆದು ಬಂದ ಜಾತಿಗಳು ಇರಲೇಬೇಕು ಎಂಬುದು ಆ ತರ್ಕ. 1911ರಲ್ಲಿ ಕಾಯಿದೆಯನ್ನು ಮರುರೂಪಿಸಿ ಮುಂಬಯಿ, ಮದ್ರಾಸು ಪ್ರಾಂತಗಳನ್ನೂ ಒಳಗೊಂಡಂತೆ ಬ್ರಿಟಿಷ್ ಭಾರತಕ್ಕೆಲ್ಲ ವಿಸ್ತರಿಸಿದರು. 1924ರಲ್ಲಿ ಮತ್ತೆ ಕ್ರೋಡೀಕರಿಸಿದರು. ಮೈಸೂರಿನಂಥ ದೇಶೀ ಸಂಸ್ಥಾನವೂ ಇದೇ ಮಾದರಿಯ ಕಾನೂನನ್ನು ಮಾಡಿಕೊಂಡಿತು.

ಕಾಯಿದೆ ಕೆಲಸ ಮಾಡುತ್ತಿದ್ದ ಬಗೆಯನ್ನು ತಿಳಿಯದೆ ಅದರ ಕ್ರೌರ್ಯ ತಿಳಿಯದು. ಒಂದು ಸಮುದಾಯವನ್ನು ಅಪರಾಧಿಯೆಂದು ಸರಕಾರ ಅಧಿಸೂಚನೆ ಹೊರಡಿಸಿದರೆ ಮುಗಿಯಿತು. ಅದನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿರಲಿಲ್ಲ. ಬಳಿಕ ಆ ಕುಲದವರ ಹೆಸರುಗಳನ್ನು ದಫ್ತರದಲ್ಲಿ ನಮೂದಿಸುತ್ತಿದ್ದರು, ಹತ್ತು ಬೆರಳುಗಳ ಅಚ್ಚು ತೆಗೆದುಕೊಳ್ಳುತ್ತಿದ್ದರು. ನಮೂದಾದವನು ಗೊತ್ತುಪಡಿಸಿದ ಹೊತ್ತಿಗೆ ಹಾಜರಿ ಕೊಡಬೇಕು. ಊರು ಬಿಟ್ಟು ಹೋಗಬೇಕಾದರೆ ಚೀಟಿ ಪಡೆಯಬೇಕು. ಹೋದ ಊರಿನಲ್ಲಿ ಆ ಚೀಟಿ ತೋರಿಸಬೇಕು. ಚೀಟಿಯಿಲ್ಲದೆ ಮಗಳ ಮನೆಗೆ ಹೋದರೂ ಅದು ಅಪರಾಧ. ಇಡೀ ಸಮುದಾಯವನ್ನು ಒಂದೆಡೆ ಕೂಡಿಹಾಕುವ ಅಧಿಕಾರ, ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಸೇರಿಸುವ ಅಧಿಕಾರ ಇವೆರಡೂ ಸರಕಾರಕ್ಕಿದ್ದವು. ಕಳ್ಳತನ ಮಾಡಿದ್ದಕ್ಕೆ ಶಿಕ್ಷೆ ಎಲ್ಲ ಕಾಲದಲ್ಲಿಯೂ ಉಂಟು. ಇಲ್ಲಿ ಶಿಕ್ಷೆಗೆ ಕಳ್ಳತನದ ಅಗತ್ಯವೇ ಇರಲಿಲ್ಲ, ಹುಟ್ಟಿದ್ದೇ ಸಾಕಾಗಿತ್ತು.

ಯಾರಿವರು? ನಮಗೆ ಅಪರಿಚಿತರಲ್ಲ. ನಮ್ಮ ಭಾಗದ ಕೊರವರು ಅಥವಾ ಕೊರಮರು, ಮರಾಠಿಯಲ್ಲಿ ಕೈಕಾಡಿಗಳೆನಿಸಿದವರು, ಪಾರಧಿಗಳು, ಹರಣಶಿಕಾರಿಗಳು, ಗಂಟಿಚೋರರು, ಬೇಡರು, ರಾಮೋಶಿಗಳು, ವಡ್ಡರು, ಲಂಬಾಣಿಗಳು, ಛಪ್ಪರಬಂದರು. ಎಲ್ಲ ಜಿಲ್ಲೆಗಳಲ್ಲಿಯೂ ಎಲ್ಲರ ಮೇಲೂ ಒಂದೇ ಸಮನೆ ಕಾಯಿದೆ ಬೀಳಲಿಲ್ಲವಾದರೂ, ಇಂದಿಗೂ ಮಹಾರಾಷ್ಟ್ರದ ವಿಮುಕ್ತ ಜಾತಿಗಳ ಪಟ್ಟಿಯನ್ನು ತೆಗೆದು ನೋಡಿದರೆ ಇವರಲ್ಲಿ ಹೆಚ್ಚಿನವರ ಹೆಸರುಗಳು ಸಿಗುತ್ತವೆ.

ಇವರ ಹಳೆಯ ಬದುಕನ್ನು ನೋಡಿದರೆ ಆರೋಪದ ಬುಡವೇ ಅಲುಗುತ್ತದೆ. ಕೊರವರು ಎತ್ತು, ಕತ್ತೆಗಳ ಮೇಲೆ ಕರಾವಳಿಯ ಉಪ್ಪನ್ನು ಹೇರಿಕೊಂಡು ಒಳನಾಡಿಗೆ ತಂದು, ಇಲ್ಲಿಯ ಧಾನ್ಯವನ್ನು ಅಲ್ಲಿಗೆ ಒಯ್ಯುತ್ತಿದ್ದ ವ್ಯಾಪಾರಿಗಳು. ಲಂಬಾಣಿಗಳು ದಂಡುಗಳಿಗೇ ಕಾಳುಕಡಿ ಪೂರೈಸಿದವರು. ವಡ್ಡರು ಕಲ್ಲು ಒಡೆದು, ಮಣ್ಣು ಹೊತ್ತು, ಕೆರೆ ಬಾವಿಗಳನ್ನು ಕಟ್ಟಿದವರು. ಬೇಡರು ಕೋಟೆಗಳ ಕಾವಲುಗಾರರು; 1857ರಲ್ಲಿ ಆಯುಧ ಒಪ್ಪಿಸಲು ಒಪ್ಪದೆ ಹೋರಾಡಿದ ಹಲಗಲಿಯ ಬೇಡರನ್ನು ಕನ್ನಡದ ಲಾವಣಿ ಮರೆತಿಲ್ಲ. ಉಪ್ಪಿನ ಮೇಲೆ ಸರಕಾರದ ಕಟ್ಟು ಬಿಗಿಯಾಯಿತು. ರೈಲು ಬಂದು ಹೇರಾಟದ ವ್ಯಾಪಾರವನ್ನು ನುಂಗಿತು. ಅರಣ್ಯ ಕಾನೂನು ಬಂದು ಬಿದಿರು, ಬೇಟೆ, ಮೇವು ಎಲ್ಲಕ್ಕೂ ಬೇಲಿ ಹಾಕಿತು. ಮೇಲಿಂದ ಮೇಲೆ ಬರಗಾಲ. ಹೊಟ್ಟೆಯ ದಾರಿಗಳನ್ನು ಮುಚ್ಚಿದ ಆಳ್ವಿಕೆಯೇ, ದಾರಿಯಲ್ಲಿ ತಿರುಗುವವರನ್ನು ಸಂಶಯದಿಂದ ನೋಡಿತು. ನೆಲಗಂದಾಯ ಕೊಟ್ಟು ಒಂದೆಡೆ ಕೂತವನು ಸಭ್ಯ, ಅಲೆಯುವವನು ಅಪಾಯಕಾರಿ ಎಂಬುದು ಅದರ ಲೆಕ್ಕ.

ಈ ಸಂಶಯಕ್ಕೆ ಆ ಕಾಲದಲ್ಲಿ ಶಾಸ್ತ್ರದ ವೇಷವನ್ನೂ ತೊಡಿಸಲಾಯಿತು. ಮೂಗಿನ ಅಗಲ, ತಲೆಯ ಸುತ್ತಳತೆಗಳನ್ನು ಅಳೆದು ಜನಾಂಗಗಳನ್ನು ವಿಂಗಡಿಸುವ ವಿದ್ಯೆ ಆಗ ಪ್ರತಿಷ್ಠಿತವಾಗಿತ್ತು. ದಕ್ಷಿಣದ ಜಾತಿ ಬುಡಕಟ್ಟುಗಳ ಕುರಿತು ಏಳು ಸಂಪುಟ ಬರೆದ ಎಡ್ಗರ್ ಥರ್ಸ್ಟನ್ ಮದ್ರಾಸಿನಲ್ಲಿ ಪೊಲೀಸ್ ಅಧಿಕಾರಿಗಳಿಗೂ ಈ ಅಳತೆಯ ಪಾಠ ಹೇಳಿದರು. ಮುಂಬಯಿ ಪ್ರಾಂತದ ಪೊಲೀಸ್ ಅಧಿಕಾರಿ ಎಂ. ಕೆನೆಡಿ 1908ರಲ್ಲಿ ಪ್ರಾಂತದ ‘ಅಪರಾಧಿ ವರ್ಗ’ಗಳ ಬಗ್ಗೆ ಒಂದು ಕೈಪಿಡಿಯನ್ನು ಪ್ರಕಟಿಸಿದರು; ಯಾವ ಕುಲದವರ ಉಡುಪು ಹೇಗೆ, ನುಡಿ ಯಾವುದು, ಅವರು ಮಾಡುವರೆನ್ನಲಾದ ಅಪರಾಧ ಯಾವುದು ಎಂಬ ವಿವರಗಳು ಅದರಲ್ಲಿವೆ. ಮನುಷ್ಯರನ್ನು ಹಕ್ಕಿಗಳ ಹಾಗೆ ಜಾತಿವಾರು ವಿವರಿಸಿದ ಇಂಥ ಪುಸ್ತಕಗಳು ಠಾಣೆಯ ಕಣ್ಣನ್ನು ತಿದ್ದಿದವು. ಫೌಜದಾರನು ಮನುಷ್ಯನನ್ನು ಕಾಣುವ ಮೊದಲೇ ಅವನ ಕುಲವನ್ನು ಕಾಣತೊಡಗಿದನು.

ಇನ್ನು ನಮ್ಮ ಸೀಮೆಗೆ ಬರೋಣ. ಮುಂಬಯಿ ಪ್ರಾಂತದಲ್ಲಿ ಈ ಜನರನ್ನು ವಸಾಹತುಗಳಲ್ಲಿ ಇರಿಸುವ ಯೋಜನೆಗೆ ಚಾಲನೆ ಕೊಟ್ಟವರು ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅವರ ಪ್ರಯೋಗ ಬಿಜಾಪುರದಲ್ಲಿ ಆರಂಭವಾಗಿ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಿಗೆ ಹಬ್ಬಿತು. ಈ ಊರುಗಳೇ ಏಕೆ? ಇಲ್ಲಿ ಗಿರಣಿಗಳಿದ್ದವು, ರೈಲಿನ ಕಾರ್ಖಾನೆಯಿತ್ತು. ದುಡಿಯುವ ಕೈಗಳು ಬೇಕಾಗಿದ್ದವು. ಸೊಲ್ಲಾಪುರದ ನಿವಾಸಿಗಳು ಹತ್ತಿಗಿರಣಿಗಳಿಗೆ ದುಡಿಯಲು ಹೋಗಿ, ಪಾಳಿ ಮುಗಿದ ಮೇಲೆ ಬೇಲಿಯೊಳಗೆ ಮರಳಿ ಹಾಜರಿ ಕೊಡಬೇಕಾಗಿತ್ತು. ಇಲ್ಲಿಯ ವಸಾಹತಿನ ಆಡಳಿತ ಕೆಲಕಾಲ ಅಮೆರಿಕನ್ ಮಿಷನರಿಗಳ ಕೈಯಲ್ಲಿತ್ತು. ಒಳ್ಳೆಯ ನಡತೆಯವರೆನಿಸಿಕೊಂಡವರು ಬೇಲಿಯ ಹೊರಗಿನ ‘ಫ್ರೀ ಕಾಲೋನಿ’ಗೆ ಬಡ್ತಿ ಪಡೆಯುತ್ತಿದ್ದರು. ನಮ್ಮ ಬಡಾವಣೆಯ ಹೆಸರಿನ ಗುಟ್ಟು ಇದು.

ಇತಿಹಾಸವನ್ನು ಒಂದೇ ಬಣ್ಣದಲ್ಲಿ ಬರೆಯುವುದು ನ್ಯಾಯವಲ್ಲ. ವಸಾಹತುಗಳಲ್ಲಿ ಶಾಲೆಗಳಿದ್ದವು, ಮಕ್ಕಳು ಅಕ್ಷರ ಕಲಿತರು, ಕೂಲಿ ಸಿಕ್ಕಿತು, ಕೆಲವರು ಬಡಗಿತನ, ಹೊಲಿಗೆಗಳಂಥ ಕಸುಬು ಕಲಿತರು. ಇದೇ ಸ್ಟಾರ್ಟೆ ಮುಂದೆ ಮುಂಬಯಿ ಸರಕಾರವು ದಲಿತ ವರ್ಗ ಮತ್ತು ಆದಿವಾಸಿಗಳ ಸ್ಥಿತಿಗತಿಯ ಅಧ್ಯಯನಕ್ಕೆ ನೇಮಿಸಿದ ಸಮಿತಿಯ ಅಧ್ಯಕ್ಷರಾದರು, ಡಾ. ಬಿ.ಆರ್. ಅಂಬೇಡ್ಕರ್ ಮತ್ತು ಠಕ್ಕರ್ ಬಾಪಾ ಆ ಸಮಿತಿಯ ಸದಸ್ಯರಾಗಿದ್ದರು. 1930ರಲ್ಲಿ ವರದಿ ಹೊರಬಂತು. ಅಂದರೆ ಬೇಲಿ ಹಾಕಿದವರು ರಾಕ್ಷಸರೇನೂ ಆಗಿರಲಿಲ್ಲ. ತಾವು ಉಪಕಾರ ಮಾಡುತ್ತಿದ್ದೇವೆಂದೇ ಅವರು ನಂಬಿದ್ದರು. ಅದೇ ನಾವು ಗಮನಿಸಬೇಕಾದ ಸಂಗತಿ. ಶಾಲೆ ತೆರೆದ ಕೈಯೇ ಬೀಗ ಹಾಕುತ್ತಿದ್ದರೆ ಅಕ್ಷರ ಕಲಿತ ಮಗುವಿಗೆ ಮೊದಲು ಓದಲು ಸಿಗುವುದು ತನ್ನ ಕುಲದ ಮೇಲಿನ ಆರೋಪವೇ.

ಇಲ್ಲಿ ನಮ್ಮವರ ಪಾತ್ರವೇನು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಕಾಯಿದೆ ಬ್ರಿಟಿಷರದು, ನಿಜ. ಆದರೆ ಅದರ ಕಣ್ಣು ಕಿವಿಗಳು ನಮ್ಮವೇ ಆಗಿದ್ದವು. ನಮೂದಾದವರ ಹೋಗುಬರುವಿಕೆಯನ್ನು ಠಾಣೆಗೆ ತಿಳಿಸುವ ಹೊಣೆಯನ್ನು ಕಾಯಿದೆ ಊರ ಪಾಟೀಲರ ಮೇಲೆ, ಓಲೆಕಾರರ ಮೇಲೆ, ಜಮೀನಿನ ಒಡೆಯರ ಮೇಲೆ ಹೊರಿಸಿತ್ತು. ಹಾಜರಿ ಚಾವಡಿಯ ಮುಂದೆ ನಡೆಯುತ್ತಿತ್ತು. ಊರಿನಲ್ಲಿ ಕುರಿ ಕಳೆದರೆ ಮೊದಲು ಯಾರ ಗುಡಾರ ಶೋಧಿಸಬೇಕೆಂದು ಹೇಳಿಕೊಟ್ಟವರು ನಮ್ಮ ಹಿರಿಯರೇ. ಗಿರಣಿಯಲ್ಲಿ ಅವರ ಪಕ್ಕದ ಮಗ್ಗದಲ್ಲಿಯೇ ನಿಂತು ದುಡಿದವರು, ಅವರಿಗೆ ಕಿರಾಣಿ ಮಾರಿದವರು, ಬೇಲಿಯ ಮಗ್ಗುಲಿಂದ ದಿನವೂ ಹಾಯ್ದು ಹೋದವರು ನಾವೇ.

ಇದೇ ಜನರಿಲ್ಲದೆ ನಮ್ಮ ಬದುಕು ನಡೆಯುತ್ತಿತ್ತೇ ಎಂದರೆ, ಇಲ್ಲ. ಭಜಂತ್ರಿಯವರ ಸನಾದಿ ಕೇಳದೆ ನಮ್ಮ ಮದುವೆಯ ಹಂದರಕ್ಕೆ ಕಳೆ ಬರುತ್ತಿರಲಿಲ್ಲ. ಆ ಸನಾದಿ ಊದಿದವರು ಕೊರವರು. ನಮ್ಮ ಅಟ್ಟದ ಮೇಲಿನ ಬುಟ್ಟಿ, ಮೂಲೆಯ ಕಸಬರಿಗೆ, ಅಜ್ಜಿಯ ಮುಂಗೈ ಮೇಲಿನ ಹಚ್ಚೆ ಅವರ ಕೈಯವು. ಹುಲ್ಲಿನ ಹಗ್ಗ ಹೊಸೆದು ಕಾಯಕದ ಹಿರಿಮೆಯನ್ನು ಸಾರಿದ ಶರಣ ನುಲಿಯ ಚಂದಯ್ಯನನ್ನು ಕೊರಮ ಸಮುದಾಯ ತನ್ನ ಕುಲಗುರುವೆಂದು ಭಾವಿಸುತ್ತದೆ. ಇನ್ನು ಸೊನ್ನಲಿಗೆಯ ಸಿದ್ಧರಾಮ, ನಮ್ಮ ಊರಿನ ಆರಾಧ್ಯ ದೈವ, ಕೆರೆ ತೋಡಿಸಿದ ಕರ್ಮಯೋಗಿ: ಅವನನ್ನು ಕರ್ನಾಟಕದ ಭೋವಿ ವಡ್ಡರು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಅದೇ ವಡ್ಡರು ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ಸಂಕ್ರಾಂತಿಯ ಜಾತ್ರೆಯಲ್ಲಿ ಒಂದೇ ದೈವದ ಮುಂದೆ ಕೈಮುಗಿದು ನಿಂತವರಲ್ಲಿ ಕೆಲವರನ್ನು ನಾವು ಜಾತ್ರೆ ಮುಗಿದ ಮೇಲೆ ಬೇರೆ ಕಣ್ಣಿನಿಂದ ನೋಡಿದೆವು.

ಭಾಷೆಯಲ್ಲಿಯೂ ಆ ಕಣ್ಣು ಉಳಿದಿದೆ. ಗಂಟಿಚೋರ ಎಂಬುದು ಒಂದು ಸಮುದಾಯದ ಹೆಸರು. ಗಂಟು ಕದಿಯುವವನು ಎಂಬ ಆರೋಪವೇ ಆ ಹೆಸರಿನ ಅರ್ಥ. ಸರಕಾರದ ಪಟ್ಟಿಯಲ್ಲಿಯೂ ಅದೇ ಹೆಸರಿದೆ. ಆ ಕುಲದ ಮಗು ಶಾಲೆಗೆ ಸೇರುವಾಗ, ವಿದ್ಯಾರ್ಥಿವೇತನ ಕೇಳುವಾಗ, ನೌಕರಿಗೆ ಅರ್ಜಿ ಹಾಕುವಾಗ ತನ್ನನ್ನು ಚೋರನೆಂದು ಕರೆಯುವ ಪ್ರಮಾಣಪತ್ರವನ್ನೇ ಕೈಯಲ್ಲಿ ಹಿಡಿದು ನಿಲ್ಲಬೇಕು. ನಮ್ಮ ಮನೆಗಳಲ್ಲಿ ಅಳುವ ಕೂಸನ್ನು ಸುಮ್ಮನಿರಿಸಲು ‘ಕೊರವರು ಹಿಡಕೊಂಡು ಹೋಗತಾರ’ ಎಂದು ಅಂಜಿಸಿದ್ದುಂಟು. ಕೂಸು ಸುಮ್ಮನಾಯಿತು, ಆದರೆ ಆ ಮಾತು ಕೂಸಿನೊಡನೆ ಬೆಳೆದು ದೊಡ್ಡದಾಯಿತು.

ಕಾಯಿದೆ ಹೇಗೆ ಹೋಯಿತು? ಮಾತಿನಿಂದ ಹೋಯಿತು, ಬಹುಕಾಲದ ಬಹಿರಂಗ ಮಾತಿನಿಂದ. 1936ರ ಅಕ್ಟೋಬರದಲ್ಲಿ ನೆಲ್ಲೂರಿಗೆ ಬಂದ ಜವಾಹರಲಾಲ ನೆಹರೂ ಈ ಕಾಯಿದೆಯನ್ನು ತೀವ್ರವಾಗಿ ಖಂಡಿಸಿ, ಯಾವ ಬುಡಕಟ್ಟನ್ನೂ ಒಟ್ಟಾಗಿ ಅಪರಾಧಿಯೆಂದು ವರ್ಗೀಕರಿಸುವುದು ನಾಗರಿಕ ತತ್ತ್ವಗಳಿಗೆ ಒಪ್ಪದೆಂದು ಹೇಳಿದರು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಸುಮಾರು 127 ಸಮುದಾಯಗಳ ಒಂದು ಕೋಟಿಗೂ ಮಿಕ್ಕಿದ ಜನರ ಮೇಲೆ ಈ ಮುದ್ರೆಯಿತ್ತೆಂದು ಅಂದಾಜು. ಮದ್ರಾಸು ಮತ್ತು ಮುಂಬಯಿ ಪ್ರಾಂತಗಳು ತಾವಾಗಿಯೇ ಮುಂದಾಗಿ ಕಾಯಿದೆಯನ್ನು ಕೈಬಿಟ್ಟವು. 1949ರಲ್ಲಿ ಅನಂತಶಯನಂ ಅಯ್ಯಂಗಾರ್ ಸಮಿತಿ ನೇಮಕವಾಯಿತು. ಅದರ ಶಿಫಾರಸಿನ ಮೇಲೆ 1952ರ ಆಗಸ್ಟ್ 31ರಂದು ಕಾಯಿದೆ ದೇಶದಾದ್ಯಂತ ರದ್ದಾಯಿತು. ಆ ದಿನವನ್ನು ಈ ಸಮುದಾಯಗಳು ವಿಮುಕ್ತ ದಿನವೆಂದು ಆಚರಿಸುತ್ತವೆ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದ ಐದು ವರ್ಷ ಹದಿನಾರು ದಿನಗಳ ಮೇಲೆ ಅವರಿಗೆ ಬಿಡುಗಡೆ. ನೆಹರೂ ಅವರು ಸೊಲ್ಲಾಪುರಕ್ಕೆ ಬಂದು ಸೆಟ್ಲಮೆಂಟಿನ ತಂತಿಬೇಲಿಯನ್ನು ಕತ್ತರಿಸಿದ ಪ್ರಸಂಗವನ್ನು ನಮ್ಮ ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ.

ತಂತಿ ತುಂಡಾಯಿತು, ದಫ್ತರ ಉಳಿಯಿತು. ಕಾಯಿದೆಯ ಜಾಗದಲ್ಲಿ ‘ರೂಢಿಗತ ಅಪರಾಧಿಗಳ’ ಕಾಯಿದೆಗಳು ಬಂದವು: ಮುಂಬಯಿಯಲ್ಲಿ 1947ರಲ್ಲಿ, ಮತ್ತೆ 1959ರಲ್ಲಿ, ಮದ್ರಾಸಿನಲ್ಲಿ 1948ರಲ್ಲಿ, ಕರ್ನಾಟಕದಲ್ಲಿ 1961ರಲ್ಲಿ. ಇವು ಕುಲವನ್ನು ಹೆಸರಿಸುವುದಿಲ್ಲ, ಮತ್ತೆ ಮತ್ತೆ ಅಪರಾಧ ಮಾಡಿದ ವ್ಯಕ್ತಿಯನ್ನು ಮಾತ್ರ ಹಿಡಿಯುತ್ತವೆ ಎಂಬುದು ಕಾಗದದ ಮೇಲಿನ ಮಾತು. ಆದರೆ ಹಳೆಯ ಕಣ್ಣಿಗೆ ಹೊಸ ಕನ್ನಡಕ ಹಾಕಿದರೆ ಕಾಣುವುದು ಹಳೆಯದೇ. 1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಲದ ಪುರುಲಿಯಾ ಜಿಲ್ಲೆಯ ಬುಧನ್ ಸಬರ್ ಎಂಬ ವಿಮುಕ್ತ ಸಮುದಾಯದ ಯುವಕ ಪೊಲೀಸ್ ವಶದಲ್ಲಿ ಹಿಂಸೆಗೊಳಗಾಗಿ ಸತ್ತನು. ಲೇಖಕಿ ಮಹಾಶ್ವೇತಾ ದೇವಿ ಆ ಪ್ರಕರಣವನ್ನು ಕಲಕತ್ತೆಯ ಉಚ್ಚ ನ್ಯಾಯಾಲಯದವರೆಗೆ ಒಯ್ದರು. ಅಹಮದಾಬಾದಿನ ಛಾರಾ ಸಮುದಾಯದ ತರುಣರು ಅವನ ಹೆಸರಿನಲ್ಲಿಯೇ ‘ಬುಧನ್ ಥಿಯೇಟರ್’ ಕಟ್ಟಿ ನಾಟಕವಾಡಿದರು. ಛಾರಾನಗರವೂ ಹಿಂದೊಮ್ಮೆ ಸೆಟ್ಲಮೆಂಟೇ.

ಇದೇ ಕಾಲದಲ್ಲಿ ಕಾಯಿದೆಯ ತವರಾದ ಇಂಗ್ಲೆಂಡಿನಲ್ಲಿ ನಡೆದ ಚರ್ಚೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ಅಲ್ಲಿ 1824ರ ಅಲೆಮಾರಿಗಳ ಕಾಯಿದೆಯಲ್ಲಿ ಕೇವಲ ಸಂಶಯದ ಮೇಲೆ ಮನುಷ್ಯನನ್ನು ಹಿಡಿಯುವ ಒಂದು ಕಲಮು ಇತ್ತು. 1970ರ ದಶಕದಲ್ಲಿ ಅದು ಮುಖ್ಯವಾಗಿ ಕಪ್ಪು ತರುಣರ ಮೇಲೆ ಬಿದ್ದಿತು. 1981ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಹೊತ್ತಿ ಉರಿದ ವರ್ಷವೇ ಆ ಕಲಮು ರದ್ದಾಯಿತು. ಕಲಮು ಹೋದರೂ ಕಣ್ಣು ಹೋಗಲಿಲ್ಲ. 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನನ್ನು ಲಂಡನ್ನಿನ ಬಸ್ ನಿಲ್ದಾಣವೊಂದರ ಬಳಿ ಬಿಳಿಯ ತರುಣರು ಕೊಂದಾಗ ಪೊಲೀಸರ ತನಿಖೆ ದಾರಿ ತಪ್ಪಿತು. ತಂದೆತಾಯಿಗಳ ವರ್ಷಗಟ್ಟಲೆಯ ಹೋರಾಟದ ಫಲವಾಗಿ ಬಹಿರಂಗ ವಿಚಾರಣೆ ನಡೆದು, 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಹೊರಬಂತು. ಒಬ್ಬಿಬ್ಬರ ದುರುದ್ದೇಶವಲ್ಲ, ಸಂಸ್ಥೆಯ ನಡೆನುಡಿಯಲ್ಲಿಯೇ ಬೇರೂರಿದ ವರ್ಣಭೇದ ಎಂದು ಆ ವರದಿ ದೋಷವನ್ನು ಗುರುತಿಸಿತು. ಕೆಟ್ಟ ಅಧಿಕಾರಿಯನ್ನು ಬದಲಿಸಿದರೆ ಸಾಲದು, ಅಧಿಕಾರಿಯ ಮೇಜಿನ ಮೇಲಿರುವ ದಫ್ತರವೂ ಬದಲಾಗಬೇಕು ಎಂಬ ಈ ತಿಳಿವು ನಮಗೂ ಬೇಕಾದುದೇ.

ನಮ್ಮಲ್ಲಿ ಇರುವುದು ಜಾತಿ, ವರ್ಣಭೇದವಲ್ಲ. ಆ ಮಾತು ನಮಗೆ ಸಲ್ಲದು ಎಂದು ಯಾರಾದರೂ ಅನ್ನಬಹುದು. ಭಾರತ ಸರಕಾರವೂ ವಿಶ್ವಸಂಸ್ಥೆಯ ಮುಂದೆ ಈ ವಾದವನ್ನು ಮಂಡಿಸಿತ್ತು. ಜನಾಂಗೀಯ ಭೇದ ನಿವಾರಣೆಯ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ವಂಶದ ಆಧಾರದ ಭೇದವೂ ಅಡಕವಾಗಿದೆಯೆಂದು ಆ ಒಪ್ಪಂದದ ಸಮಿತಿ ಉತ್ತರಿಸಿತು. 2007ರಲ್ಲಿ ರೂಢಿಗತ ಅಪರಾಧಿಗಳ ಕಾಯಿದೆಯನ್ನು ರದ್ದುಗೊಳಿಸಿ ವಿಮುಕ್ತ ಸಮುದಾಯಗಳಿಗೆ ನೆಲೆ ಕಲ್ಪಿಸಬೇಕೆಂದು ಭಾರತಕ್ಕೆ ಸಲಹೆ ಮಾಡಿತು. ಹೆಸರೇನೇ ಇರಲಿ, ಹುಟ್ಟನ್ನು ನೋಡಿ ನಡತೆಯನ್ನು ನಿರ್ಧರಿಸುವ ರೋಗ ಎರಡೂ ಕಡೆ ಒಂದೇ.

ಈಚಿನ ದಿನಗಳಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಎರಡು ಮಹತ್ವದ ಮಾತುಗಳು ಬಂದಿವೆ. 2024ರ ಮೇ ತಿಂಗಳಲ್ಲಿ, ಹಿಂದುಳಿದ, ಪರಿಶಿಷ್ಟ ಸಮುದಾಯಗಳ ಅಮಾಯಕರ ಹೆಸರುಗಳನ್ನು ಪೊಲೀಸರ ಚರಿತ್ರಪಟ್ಟಿಗಳಲ್ಲಿ ಯಾಂತ್ರಿಕವಾಗಿ ಸೇರಿಸಬಾರದೆಂದು ಅದು ಎಚ್ಚರಿಸಿತು. ಅದೇ ವರ್ಷದ ಅಕ್ಟೋಬರ್ 3ರಂದು, ಪತ್ರಕರ್ತೆಯೊಬ್ಬರು ಸಲ್ಲಿಸಿದ ಅರ್ಜಿಯ ತೀರ್ಪಿನಲ್ಲಿ, ಸೆರೆಮನೆಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಅಸಂವಿಧಾನಿಕವೆಂದು ಸಾರಿತು. ಕೈದಿಗಳ ದಫ್ತರದಿಂದ ಜಾತಿಯ ಅಂಕಣವನ್ನು ತೆಗೆದುಹಾಕಲು ಆದೇಶಿಸಿತು. ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸದಂತೆ ಪೊಲೀಸರಿಗೆ ನಿರ್ದೇಶನ ಕೊಟ್ಟಿತು. 1871ರಲ್ಲಿ ಬರೆಯತೊಡಗಿದ ಒಂದು ಅಂಕಣವನ್ನು ಅಳಿಸಲು ಆದೇಶ ಬಂದದ್ದು 153 ವರ್ಷಗಳ ಮೇಲೆ.

ಗಡಿನಾಡಿನವರಾದ ನಮಗೆ ಈ ಚರಿತ್ರೆಯಲ್ಲಿ ಇನ್ನೂ ಒಂದು ಪಾಠವಿದೆ. ಕರ್ನಾಟಕದ ಕೊರಮ, ಆಂಧ್ರದ ಎರುಕಲ, ಮಹಾರಾಷ್ಟ್ರದ ಕೈಕಾಡಿ, ತಮಿಳುನಾಡಿನ ಕೊರವರ್ ಒಂದೇ ಬಳ್ಳಿಯ ಕವಲುಗಳು. ಆದರೆ ಕೊರಮರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಎರುಕಲರು ಆಂಧ್ರದಲ್ಲಿ ಪರಿಶಿಷ್ಟ ಪಂಗಡ. ಕೈಕಾಡಿಗಳು ವಿದರ್ಭದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದ ಉಳಿದ ಭಾಗದಲ್ಲಿ ವಿಮುಕ್ತ ಜಾತಿ. ಅಕ್ಕಲಕೋಟೆಯಲ್ಲಿರುವ ಅಕ್ಕನ ಮಗನಿಗೆ ಒಂದು ಹಕ್ಕು, ಇಂಡಿಯಲ್ಲಿರುವ ತಮ್ಮನ ಮಗನಿಗೆ ಇನ್ನೊಂದು. ರಾಜ್ಯಗಳ ಗೆರೆ ಎಳೆದಾಗ ನಮ್ಮ ಭಾಷೆ ಎರಡಾಗಿ ಸೀಳಿದ ನೋವನ್ನು ನಾವು ಎಷ್ಟೋ ವೇದಿಕೆಗಳಿಂದ ಹೇಳಿದ್ದೇವೆ. ಪಟ್ಟಿಯ ಯಾವ ಸಾಲಿನಲ್ಲಿ ನಮ್ಮ ಹೆಸರಿದೆ ಎಂಬುದರ ಮೇಲೆ ನಮ್ಮ ಮಕ್ಕಳ ಶಾಲೆಯೂ ಪಠ್ಯವೂ ನಿಂತಿರುವುದನ್ನು ಕಂಡಿದ್ದೇವೆ. ಆ ನೋವು ತಿಳಿದವರಿಗೆ ಈ ನೋವು ತಿಳಿಯದಿದ್ದೀತೇ?

ಈ ಜನರು ತಮ್ಮ ಕಥೆಯನ್ನು ತಾವೇ ಬರೆದಿದ್ದಾರೆ. ಕೈಕಾಡಿ ಸಮುದಾಯದ ಲಕ್ಷ್ಮಣ ಮಾನೆಯವರ ‘ಉಪರಾ’, ಉಚಲ್ಯಾ ಎಂದು ಹೀಗಳೆಯಲ್ಪಟ್ಟ ಸಮುದಾಯದ ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ ಇವೆರಡೂ ಮರಾಠಿಯ ಆತ್ಮಕಥನಗಳು, ಎರಡೂ ಕೇಂದ್ರ ಸಾಹಿತ್ಯ ಅಕಾದೆಮಿಯ ಪುರಸ್ಕಾರ ಪಡೆದವು. ಕನ್ನಡ ಮನೆಮಾತಾಗಿದ್ದು ಮರಾಠಿಯನ್ನು ನೀರು ಕುಡಿದಷ್ಟು ಸಲೀಸಾಗಿ ಓದಬಲ್ಲ ನಮಗೆ ಅವುಗಳ ಬಾಗಿಲು ತೆರೆದೇ ಇದೆ. ಎರಡು ಭಾಷೆಗಳ ನಡುವೆ ಬದುಕುವವರಿಗೆ ಸಿಕ್ಕ ಭಾಗ್ಯವಿದು. ಅದನ್ನು ಬಳಸಿಕೊಳ್ಳದಿದ್ದರೆ ತಪ್ಪು ನಮ್ಮದು.

ಆದ್ದರಿಂದ ಸಂಘದ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೇ. ಬೇಲಿಯ ದಿನಗಳನ್ನು ತಂದೆತಾಯಿಗಳ ಬಾಯಿಂದ ಕೇಳಿದವರು, ಬಾಲ್ಯದಲ್ಲಿ ಕಣ್ಣಾರೆ ಕಂಡ ಕೆಲವರು ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ. ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅವರ ಮಾತನ್ನು ಬರೆದಿಡುವ ಕೆಲಸವನ್ನು ನಮ್ಮ ಸಂಘದ ತರುಣರು ಕೈಗೆತ್ತಿಕೊಳ್ಳಲಿ. ಮುಂದಿನ ಸಮ್ಮೇಳನದ ವೇದಿಕೆಯಲ್ಲಿ ಸನಾದಿ ಊದಲೆಂದು ಮಾತ್ರವಲ್ಲ, ಮಾತನಾಡಲೆಂದೂ ಅವರನ್ನು ಕರೆಯೋಣ. ಅವರು ಆಡುವ ಮಾತು ನಮಗೆ ಕಹಿಯಾಗಿದ್ದರೂ ಕುಳಿತು ಕೇಳೋಣ. ಮನೆಯಲ್ಲಿ ಕೂಸನ್ನು ಅಂಜಿಸುವ ಆ ಹಳೆಯ ಮಾತನ್ನು ನಮ್ಮ ತಲೆಮಾರಿಗೇ ನಿಲ್ಲಿಸೋಣ. ಕಾಯಿದೆಯನ್ನು ಸಂಸತ್ತು ರದ್ದು ಮಾಡಬಹುದು, ಅಂಕಣವನ್ನು ನ್ಯಾಯಾಲಯ ಅಳಿಸಬಹುದು. ನೆರೆಯವನ ಮೇಲಿನ ಸಂಶಯವನ್ನು ಅಳಿಸುವ ಅಧಿಕಾರ ಮಾತ್ರ ನೆರೆಯವನಿಗೇ ಸೇರಿದ್ದು.

ಆಗ ಸೊಲ್ಲಾಪುರದ ಆ ಬಡಾವಣೆಯ ಹೆಸರಿನಲ್ಲಿರುವ ‘ಫ್ರೀ’ ಎಂಬ ಮಾತು ಸರಕಾರ ಕೊಟ್ಟ ರಿಯಾಯಿತಿಯಾಗಿ ಉಳಿಯದೆ, ಅಲ್ಲಿರುವವರ ಸಹಜ ಸ್ಥಿತಿಯಾದೀತು.